ಹಳೆಯ ಕೋಲ್ಟ್ ನೇವಿ ಕೊಳ್ಳುವ ಮುಂಚೆ ನಾನು ಏನೇನು ನೋಡುತ್ತೇನೆ

19ನೇ ಶತಮಾನದ ಅಮೆರಿಕನ್ ರಿವಾಲ್ವರ್‌ಗಳನ್ನು ಸಂಗ್ರಹಿಸಲು ಹೊರಟವರು ಒಂದೇ ಮಾದರಿಯನ್ನು ಹಿಡಿದು ಅದನ್ನು ಆಮೂಲಾಗ್ರ ಕಲಿಯಬೇಕು. ನಾನು ಹಿಡಿದದ್ದು 1851ರ ಕೋಲ್ಟ್ ನೇವಿ. .36 ಕ್ಯಾಲಿಬರ್ (ನಳಿಗೆಯ ಒಳಅಳತೆ, ಇಂಚಿನಲ್ಲಿ), 6 ಗುಂಡು, 7.5 ಇಂಚಿನ ಎಂಟು ಮುಖದ ಬ್ಯಾರೆಲ್. ಅಮೆರಿಕದ ಹಾರ್ಟ್‌ಫರ್ಡ್ ಕಾರ್ಖಾನೆಯಲ್ಲಿ 1873ರವರೆಗೆ ಸುಮಾರು 2,15,000 ತಯಾರಾದವು, ಲಂಡನ್ನಿನಲ್ಲಿ ಬೇರೆ ಸುಮಾರು 42,000. ಇಷ್ಟೊಂದು ಮಾಡಿದ್ದರಿಂದ ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಮೂರ್ನಾಲ್ಕು ಬಂದೂಕಿನ ಭಾಗ ಸೇರಿಸಿ ಕಟ್ಟಿದವೂ ಅದೇ ಕಾರಣಕ್ಕೆ ಬೇಕಾದಷ್ಟಿವೆ.

ಕೈಗೆ ಬಂದ ಕೂಡಲೇ ಮಾಡುವ ಕೆಲಸ ಒಂದೇ, ಒಳಗೆ ಮದ್ದು ಇದೆಯೇ ಎಂದು ನೋಡುವುದು. ಇದು ಕೇಪು, ಅಂದರೆ ಬಡಿದರೆ ಕಿಡಿ ಹಾರಿಸುವ ಪುಟ್ಟ ಲೋಹದ ಟೋಪಿ, ಇಟ್ಟು ಹೊಡೆಯುವ ಕಾಲದ್ದು. ಮಲೆನಾಡಿನಲ್ಲಿ ಕೇಪಿನ ಕೋವಿ ಕಂಡವರಿಗೆ ವಿಧಾನ ಗೊತ್ತಿರುತ್ತದೆ. ನೂರೈವತ್ತು ವರ್ಷದ ಹಿಂದೆ ತುಂಬಿಟ್ಟ ಮದ್ದು ಇಂದೂ ಸಿಡಿಯಬಲ್ಲದು. ಕೇಪು ಕೂರಿಸುವ ಸಣ್ಣ ಕೊಳವೆಯಾದ ನಿಪ್ಪಲ್ ಮೇಲೆ ಕೇಪು ಇಲ್ಲದಿದ್ದರೂ ನಂಬಬಾರದು. ತೆಳ್ಳನೆಯ ಮರದ ಕಡ್ಡಿಯನ್ನು ತಿರುಗುವ ಸಿಲಿಂಡರಿನಲ್ಲಿ ಮದ್ದು ಗುಂಡು ತುಂಬುವ ಪ್ರತಿ ಕೋಣೆಗೂ ಇಳಿಸಿ ಗುರುತು ಹಾಕಿ, ಅದೇ ಕಡ್ಡಿಯನ್ನು ಸಿಲಿಂಡರ್ ಹೊರಮೈಗೆ ಹಿಡಿದು ಅಳೆಯಬೇಕು. ಆರೂ ಕೋಣೆ ಒಂದೇ ಆಳ ತೋರಿಸಿತು ಎಂದು ಸಮಾಧಾನಪಟ್ಟರೆ ಸಾಲದು, ಆರೂ ತುಂಬಿರಬಹುದು. ಕಡ್ಡಿ ನಿಪ್ಪಲ್ ಬುಡದ ಹತ್ತಿರ ತಲುಪದಿದ್ದರೆ ಅಲ್ಲಿಗೇ ನಿಲ್ಲಿಸಿ, ಕರಿಮದ್ದಿನ ಬಂದೂಕು ಬಲ್ಲ ರಿಪೇರಿಯವರಿಗೆ ಒಪ್ಪಿಸುತ್ತೇನೆ.

ಖಾಲಿ ಎಂದು ಖಚಿತವಾದ ಮೇಲೆ ಸೀರಿಯಲ್ ಸಂಖ್ಯೆ. ಬ್ಯಾರೆಲ್ಲಿನ ಬುಡ, ಫ್ರೇಮ್, ಟ್ರಿಗರ್ ಗಾರ್ಡ್, ಹಿಡಿಯ ತಳದ ಪಟ್ಟಿ: ಈ ನಾಲ್ಕರಲ್ಲಿ ಪೂರ್ತಿ ಸಂಖ್ಯೆ ಒಂದೇ ಆಗಿರಬೇಕು. ಸಿಲಿಂಡರ್, ಬ್ಯಾರೆಲ್ಲನ್ನು ಹಿಡಿದಿಡುವ ಬೆಣೆ, ನಡುವಿನ ಅಚ್ಚುಕಡ್ಡಿ, ಗುಂಡು ತುಂಬುವ ಲಿವರ್ ಇವುಗಳ ಮೇಲೂ ಸಂಖ್ಯೆಯೋ ಅದರ ಕೊನೆಯ ಅಂಕಿಗಳೋ ಇರುತ್ತವೆ. ಬೆಣೆ ಸುಲಭವಾಗಿ ಕಳೆದುಹೋಗುವ ಭಾಗವಾದ್ದರಿಂದ ಅದೊಂದು ಹೊಂದದಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಸಿಲಿಂಡರ್ ಹೊಂದದಿದ್ದರೆ ನಾನು ಮುಂದಕ್ಕೆ ಯೋಚಿಸುವುದಿಲ್ಲ.

ಸಂಖ್ಯೆ ಹೊಂದಿದರೂ ರೂಪ ಹೊಂದಬೇಕು. ಹಾರ್ಟ್‌ಫರ್ಡ್ ನೇವಿಯಲ್ಲಿ ಸೀರಿಯಲ್ ಸಂಖ್ಯೆ ಸುಮಾರು 4,200ರವರೆಗೆ ಟ್ರಿಗರ್ ಗಾರ್ಡಿನ ಹಿಂಭಾಗ ಚೌಕ, ಅಲ್ಲಿಂದ ಸುಮಾರು 85,000ದವರೆಗೆ ಚಿಕ್ಕ ದುಂಡು, ಆಮೇಲೆ ದೊಡ್ಡ ದುಂಡು. ಬ್ಯಾರೆಲ್ ಮೇಲಿನ ವಿಳಾಸವೂ ಹೀಗೆಯೇ ಬದಲಾಗುತ್ತದೆ: ಸುಮಾರು 74,000ದವರೆಗೆ ನ್ಯೂಯಾರ್ಕ್ ಸಿಟಿ, 1,01,000ದವರೆಗೆ ಹಾರ್ಟ್‌ಫರ್ಡ್, ಅಲ್ಲಿಂದಾಚೆ ನ್ಯೂಯಾರ್ಕ್ ಯು.ಎಸ್. ಅಮೆರಿಕ. 1,20,000ದ ಆಸುಪಾಸಿನ ಸಂಖ್ಯೆಯ ಮೇಲೆ ಹಾರ್ಟ್‌ಫರ್ಡ್ ವಿಳಾಸ ಕಂಡರೆ ಬ್ಯಾರೆಲ್ ಬೇರೆ ಕಡೆಯಿಂದ ಬಂದಿರಬೇಕು ಎಂದೇ ಅನುಮಾನಿಸುತ್ತೇನೆ. ಚೌಕ ಗಾರ್ಡಿನವು ಬಹಳ ದುಬಾರಿ, ಆದ್ದರಿಂದ ಮೋಸವೂ ಅಲ್ಲೇ ಹೆಚ್ಚು. ಸಂಖ್ಯೆ ಅಳಿಸಿ ಮರಳಿ ಹೊಡೆದಿದ್ದರೆ ಆ ಜಾಗದ ಲೋಹ ಸ್ವಲ್ಪ ತಗ್ಗಿರುತ್ತದೆ. ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣುತ್ತದೆ.

ನಾನು ಹೆಚ್ಚು ಹೊತ್ತು ಕಳೆಯುವುದು ಸಿಲಿಂಡರ್ ಮೇಲಿನ ಚಿತ್ರದ ಜೊತೆ. 1843ರ ಮೇ 16ರಂದು ಕ್ಯಾಂಪಚೆ ಬಳಿ ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾಪಡೆಗಳ ನಡುವೆ ನಡೆದ ಕಾಳಗ ಅದು, ಕೆತ್ತಿದವರು ಓರ್ಮ್ಸ್‌ಬಿ. ಗೆರೆಗಳನ್ನು ಬಹಳ ಮೇಲುಮೇಲೆ ಒತ್ತಿರುವುದರಿಂದ ಬೇಗ ಸವೆಯುತ್ತವೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಹಡಗಿನ ಹಗ್ಗಗಳು ಬಿಡಿಬಿಡಿಯಾಗಿ ಕಂಡರೆ ಸಿಲಿಂಡರನ್ನು ಯಾರೂ ಉಜ್ಜಿಲ್ಲ. ಚಿತ್ರ ಮಾಯವಾಗಿ ಕಪ್ಪು ನೀಲಿ ಬಣ್ಣ ಮಾತ್ರ ಹೊಳೆಯುತ್ತಿದ್ದರೆ ಪಾಲಿಶ್ ಮಾಡಿ ಮರುಬಣ್ಣ ಹಾಕಿದ್ದು ಖಂಡಿತ. ತುಕ್ಕು ತಿಂದ ಕುಳಿಯ ತಳದಲ್ಲೂ ನೀಲಿ ಇದ್ದರೆ ಅನುಮಾನವೇ ಬೇಡ, ಬಣ್ಣ ತುಕ್ಕಿನ ನಂತರದ್ದು. ಬ್ಯಾರೆಲ್ಲಿನ ಎಂಟು ಅಂಚುಗಳೂ ಬೆರಳಿಗೆ ಚೂಪಾಗಿ ಸಿಗಬೇಕು, ಸ್ಕ್ರೂ ತೂತಿನ ಬಾಯಿ ತಟ್ಟೆಯಂತೆ ಹಳ್ಳ ಬಿದ್ದಿರಬಾರದು. ಅಲ್ಲಲ್ಲಿ ಕಂದು ತಿರುಗಿದ, ಯಾರೂ ಮುಟ್ಟದ ಬಂದೂಕು ಹೊಸದಾಗಿ ಹೊಳಪು ಕೊಟ್ಟದ್ದಕ್ಕಿಂತ ಎಷ್ಟೋ ಮೇಲು. ಬೆಲೆಯಲ್ಲೂ ಹಾಗೆಯೇ.

ಬಿಚ್ಚುವಾಗ ಕೇಪಿಗೆ ಬಡಿಯುವ ಹ್ಯಾಮರ್ ಅರ್ಧ ಏರಿಸಿ, ಬೆಣೆಯ ಸ್ಪ್ರಿಂಗ್ ಒತ್ತಿ ಬಲಬದಿಯಿಂದ ಎಡಬದಿಗೆ ತಳ್ಳಬೇಕು. ಬಾರದಿದ್ದರೆ ಹಿತ್ತಾಳೆ ಅಥವಾ ನೈಲಾನ್ ತುಂಡು ಇಟ್ಟು ಮೆಲ್ಲಗೆ ಬಡಿಯಿರಿ. ಉಕ್ಕು ಬೇಡ, ಬೆಣೆಯ ತುದಿ ಅಣಬೆಯಂತೆ ಹರಡಿಬಿಡುತ್ತದೆ. ಬೆಣೆ ಸರಿದ ಮೇಲೆ ಬ್ಯಾರೆಲ್ಲನ್ನು ಎಳೆದಾಡಬಾರದು. ಎರಡು ಕೋಣೆಗಳ ನಡುವಿನ ಗೋಡೆಗೆ ಲಿವರಿನ ತುದಿ ತಾಗುವಂತೆ ಸಿಲಿಂಡರ್ ತಿರುಗಿಸಿ, ಲಿವರ್ ಎಳೆದರೆ ಬ್ಯಾರೆಲ್ ತಾನಾಗಿ ಮುಂದೆ ಜಾರುತ್ತದೆ. ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳನ್ನು ಪೂರ್ತಿ ತುಂಬುವಂತಿರಬೇಕು. ಸಾಮಾನ್ಯ ಓರೆ ತುದಿಯದು ಜಾರಿ ಸೀಳನ್ನು ಹರಿದುಹಾಕುತ್ತದೆ, ಆ ಗಾಯ ಮತ್ತೆ ಹೋಗುವುದಿಲ್ಲ. ತುಕ್ಕು ಹಿಡಿದ ನಿಪ್ಪಲ್‌ಗೆ ವಾರಗಟ್ಟಲೆ ಎಣ್ಣೆ ಬಿಡಬಹುದು, ಆದರೂ ಅಲುಗದಿದ್ದರೆ ಹಾಗೇ ಬಿಡುವುದೇ ಜಾಣತನ.

ಒಳಗೆ ಮುರಿಯುವುದು ಸಾಮಾನ್ಯವಾಗಿ ಎರಡು ಕಾಲಿನ ಚಪ್ಪಟೆ ಸ್ಪ್ರಿಂಗ್. ಒಂದು ಕಾಲು ಟ್ರಿಗರನ್ನೂ ಇನ್ನೊಂದು ಸಿಲಿಂಡರ್ ಹಿಡಿಯುವ ಬೋಲ್ಟನ್ನೂ ಒತ್ತುತ್ತದೆ. ಬೋಲ್ಟಿನ ಕಡೆಯ ಕಾಲು ಮುರಿದರೆ ಹ್ಯಾಮರ್ ಏರಿಸಿದಾಗ ಸಿಲಿಂಡರ್ ನಿಲ್ಲದೆ ಸುತ್ತುತ್ತದೆ. ಇಟಲಿಯ ಪ್ರತಿಕೃತಿಗಳ ಸ್ಪ್ರಿಂಗನ್ನು ಅರ ಹಾಕಿ ಹೊಂದಿಸಬಹುದು, ಮುರಿದ ಹಳೆಯದನ್ನು ಮಾತ್ರ ಚೀಟಿ ಅಂಟಿಸಿ ಜೊತೆಗೇ ಇಡಿ. ಬರೀ ಟ್ರಿಗರ್ ಎಳೆದು ಪರೀಕ್ಷಿಸುವ ಅಭ್ಯಾಸ ಬೇಡ. ಹ್ಯಾಮರ್ ನೇರ ನಿಪ್ಪಲ್‌ಗೆ ಬಡಿದು ಎರಡೂ ಹಾಳಾಗುತ್ತವೆ. ಗುಂಡು ಹೊಡೆಯುವ ಆಸೆ ಇದ್ದರೆ ಉಬರ್ಟಿ ಅಥವಾ ಪಿಯೆಟ್ಟಾ ಪ್ರತಿಕೃತಿ ಕೊಳ್ಳಿ.

ಇನ್ನೊಂದು ಎಚ್ಚರಿಕೆ ಅದೇ ಕಾಲದ ಇನ್ನೊಂದು ಅಮೆರಿಕನ್ ಕಂಪನಿ ರೆಮಿಂಗ್ಟನ್ನಿನ ರಿವಾಲ್ವರ್ ಕುರಿತು. ಬ್ಯಾರೆಲ್ ಮೇಲೆ ಸೆಪ್ಟೆಂಬರ್ 14, 1858 ಎಂದಿರುವುದು ಪೇಟೆಂಟ್ ದಿನಾಂಕ. ನ್ಯೂ ಮಾಡೆಲ್ ಆರ್ಮಿ ನಿಜವಾಗಿ ತಯಾರಾದದ್ದು 1863ರಿಂದ 1875ರ ನಡುವೆ. ಕಾರ್ಟ್ರಿಜ್ (ಮದ್ದು ಗುಂಡು ಒಂದಾಗಿರುವ ತೋಟಾ) ಹಾಕುವಂತೆ ಮಾರ್ಪಟ್ಟ ಕೋಲ್ಟ್ ನೇವಿ ಕಂಡು ಕೆಡಿಸಿದ್ದಾರೆ ಎಂದು ಬಿಟ್ಟುಬಿಡಬೇಡಿ. ಹಿಂದಿನಿಂದ ತೋಟಾ ತುಂಬುವ ಸಿಲಿಂಡರಿಗೆ ಇದ್ದ ರೋಲಿನ್ ವೈಟ್ ಪೇಟೆಂಟ್ 1869ರಲ್ಲಿ ಮುಗಿದ ಮೇಲೆ ಕೋಲ್ಟ್ ಕಾರ್ಖಾನೆಯೇ ಹೀಗೆ ಮಾಡಿ ಮಾರಿತು, ಅವುಗಳಿಗೆ ಪ್ರತ್ಯೇಕ ಸಂಗ್ರಹಕಾರರಿದ್ದಾರೆ.

ಕಾನೂನಿನ ಮಾತು. ಅಮೆರಿಕದ 1968ರ ಕೇಂದ್ರ ಕಾಯ್ದೆಯಲ್ಲಿ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ವಸ್ತು. ರಾಜ್ಯಗಳ ನಿಯಮ ಬೇರೆಬೇರೆ. ಭಾರತಕ್ಕೆ ಈ 1898ರ ಗೆರೆ ಅನ್ವಯಿಸುವುದಿಲ್ಲ. ಇಲ್ಲಿನ 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುವುದು ರಿಪೇರಿ ಮಾಡಿದರೂ ಬಂದೂಕಾಗಿ ಬಳಸಲಾಗದ ಹಳೆಯ ಆಯುಧಗಳಿಗೆ. ಚೆನ್ನಾಗಿ ಕೆಲಸ ಮಾಡುವ ನೇವಿಯನ್ನು ಭಾರತಕ್ಕೆ ತರುವ ಯೋಚನೆ ಇದ್ದವರು ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು.

ಇಡುವ ವಿಧಾನ ಸರಳ. ಹತ್ತಿಯ ಕೈಗವಸು ಹಾಕಿ ಮುಟ್ಟಿ, ಬೆರಳಿನ ಬೆವರೇ ತುಕ್ಕಿನ ಬೀಜ. ಲೋಹಕ್ಕೆ ರಿನೈಸಾನ್ಸ್ ಮೇಣದ (ವಸ್ತುಸಂಗ್ರಹಾಲಯಗಳಲ್ಲಿ ಬಳಸುವ ರಕ್ಷಣಾ ಮೇಣ) ತೆಳು ಪದರ ಸಾಕು. ಹಿತ್ತಾಳೆಯ ಗಾರ್ಡಿಗೆ ಪಾಲಿಶ್ ಹಚ್ಚಿದರೆ ಉಳಿದಿದ್ದ ಬೆಳ್ಳಿಯ ಲೇಪವೂ ಹೋಗುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿದು ಒಂದೇ ಬದಿಯನ್ನು ತಿನ್ನುತ್ತದೆ. ಪೆಟ್ಟಿಗೆಯಲ್ಲಿ ತೇವಾಂಶ ಶೇ. 45ರಿಂದ 50ರಷ್ಟಿರಲಿ, ಹ್ಯಾಮರ್ ಇಳಿದಿರಲಿ.