ವೇರಿಯಂಟ್ ಆರಿಸುವ ಮುನ್ನ: ಮಲೆನಾಡಿನವರಿಗೆ ಒಬ್ಬ ವೈರಿಂಗ್ ಕೆಲಸಗಾರನ ಮಾತು

ಹೊಸ ಕಾರು ಕೊಂಡವರ ನಿರಾಶೆಯಿಂದಲೇ ನನ್ನ ಅಂಗಡಿ ನಡೆಯುತ್ತದೆ ಎಂದರೆ ತಪ್ಪಾಗಲಾರದು. ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಕಾರುಗಳ ವೈರಿಂಗ್ ಕೆಲಸ ನನ್ನದು. ಜೊತೆಗೆ ಸ್ಟೀರಿಯೊ, ಸೀಟ್ ಕವರ್, ಕ್ಯಾಮೆರಾ, ಲೈಟು. ಬಾನೆಟ್ ಮೇಲಿನ ಚೆಂಡುಹೂವಿನ ಹಾರ ಬಾಡುವ ಮೊದಲೇ ಕೆಲವರು ಬಂದು ನಿಲ್ಲುತ್ತಾರೆ. "ಇದಕ್ಕೆ ಹಿಂದಿನ ವೈಪರ್ ಕೂರಿಸಿಕೊಡಿ ಮಾರಾಯರೇ, ಶೋರೂಮಿನಲ್ಲಿ ನೋಡಿದ ಕಾರಿಗೆ ಇತ್ತು, ನಮಗೆ ಬಂದದ್ದಕ್ಕೆ ಇಲ್ಲ" ಎನ್ನುತ್ತಾರೆ. ಕಾರು ಅದೇ, ಬಣ್ಣ ಅದೇ, ವೇರಿಯಂಟ್, ಅಂದರೆ ಸೌಕರ್ಯಗಳ ದರ್ಜೆ, ಮಾತ್ರ ಬೇರೆ. ನನ್ನಿಂದ ಆಗುವುದಿಲ್ಲ ಎಂದಾಗ ಅವರ ಮುಖ ನೋಡುವುದು ಕಷ್ಟ.

ನಾನು ವೈರಿಂಗ್ ಕಲಿತದ್ದು ಅಂಬಾಸಿಡರ್‌ಗಳ ಮೇಲೆ. ಆಗ ಈ ತಲೆನೋವು ಇರಲಿಲ್ಲ. ಯಾವ ಅಂಬಾಸಿಡರಿನಲ್ಲಿಯೂ ಏನೂ ಇರುತ್ತಿರಲಿಲ್ಲ. ಈಗ ಒಂದೇ ಕಾರಿಗೆ ಏಳೆಂಟು ವೇರಿಯಂಟ್, ಪ್ರತಿಯೊಂದಕ್ಕೂ ಬಾಲದಲ್ಲಿ ಎರಡು ಇಂಗ್ಲಿಷ್ ಅಕ್ಷರ, ಕೆಲವಕ್ಕೆ ಆವರಣದೊಳಗೆ ಇನ್ನೊಂದು ಅಕ್ಷರ. ಈ ಗೋಜಲಿನಲ್ಲಿ ನಾನು ಗಿರಾಕಿಗಳಿಗೆ ಕೊಡುವ ದಾರಿ ಒಂದೇ. ಬ್ರೋಷರಿನ ಕೊನೆಯ ಪುಟಗಳಲ್ಲಿ ವೇರಿಯಂಟ್‌ಗಳ ಕೋಷ್ಟಕ ಇರುತ್ತದೆ. ಅದನ್ನು ಮನೆಗೆ ತನ್ನಿ. ಕೆಂಪು ಪೆನ್ನು ಹಿಡಿದು, ಆಮೇಲೆ ಹಾಕಿಸಲು ಸಾಧ್ಯವೇ ಇಲ್ಲದ ಸಾಲುಗಳಿಗೆ ಮಾತ್ರ ಗುರುತು ಹಾಕಿ. ಆ ಗುರುತುಗಳಲ್ಲಿ ನಿಮಗೆ ಬೇಕಾದವೆಲ್ಲ ಯಾವ ವೇರಿಯಂಟ್‌ನಲ್ಲಿ ಮೊದಲು ಸಿಗುತ್ತವೆಯೋ ಅದು ನಿಮ್ಮದು. ಉಳಿದ ಸಾಲುಗಳನ್ನು ಓದಿ ಆಸೆ ಬೆಳೆಸಿಕೊಳ್ಳಬೇಡಿ.

ಗುರುತು ಹಾಕುವ ಮೊದಲು ಕೆಲವು ಸಾಲುಗಳನ್ನು ಹೊಡೆದುಹಾಕಬಹುದು. ಜೋರಾಗಿ ತುಳಿದರೂ ಚಕ್ರ ಸಿಕ್ಕಿಕೊಳ್ಳದ ಎಬಿಎಸ್ ಬ್ರೇಕು, ಹಿಂದಿನ ಪಾರ್ಕಿಂಗ್ ಸೆನ್ಸರ್, ಗಂಟೆಗೆ 80 ಕಿಲೋಮೀಟರ್ ದಾಟಿದರೆ ಕೂಗುವ ಬೀಪ್ ಇವೆಲ್ಲ 2019ರಿಂದ ಕಾನೂನಿನ ಪ್ರಕಾರ ಇರಲೇಬೇಕು. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ 2022ರಿಂದ ಎಲ್ಲ ಹೊಸ ಕಾರುಗಳಲ್ಲಿಯೂ ಕಡ್ಡಾಯ. ಇವನ್ನು ಬೆರಳು ಮಡಚಿ ಎಣಿಸಿ "ಈ ವೇರಿಯಂಟ್‌ನಲ್ಲಿ ಇಷ್ಟೆಲ್ಲ ಕೊಡುತ್ತೇವೆ ಸರ್" ಎನ್ನುವ ಮಾರಾಟಗಾರ ಸರ್ಕಾರ ಕೊಡಿಸಿದ್ದನ್ನು ತಾನು ಕೊಟ್ಟೆ ಎನ್ನುತ್ತಿದ್ದಾನೆ, ಅಷ್ಟೇ.

ಇನ್ನು ಕೆಂಪು ಗುರುತಿನ ವಿಷಯ. ನಮ್ಮ ಕಡೆಯವರಿಗೆ ಅದರಲ್ಲಿ ಮೊದಲನೆಯದು ಹಿಂದಿನ ಗಾಜಿನ ವೈಪರ್ ಮತ್ತು ಆ ಗಾಜಿನ ಮಂಜನ್ನು ಬಿಸಿಯಿಂದ ಆರಿಸುವ ಡಿಫಾಗರ್. ಡಿಕ್ಕಿ ಹೊರಚಾಚಿರುವ ಸೆಡಾನ್ ಕಾರಿನ ಹಿಂಗಾಜು ಓರೆಯಾಗಿರುತ್ತದೆ, ಮಳೆನೀರು ತಕ್ಕಮಟ್ಟಿಗೆ ಜಾರಿಹೋಗುತ್ತದೆ. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳ ಬೆನ್ನು ನೆಟ್ಟಗೆ. ಕಾರು ಓಡುವಾಗ ಬೆನ್ನ ಹಿಂದೆ ಗಾಳಿ ಸುಳಿ ತಿರುಗಿ, ಚಕ್ರ ಎಬ್ಬಿಸಿದ ಕೆಸರುನೀರನ್ನು ತಂದು ಗಾಜಿಗೆ ಬಳಿಯುತ್ತದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ಮಂಡಗದ್ದೆ ದಾಟಿ ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ಬರುವ ಬಸ್ಸು ಕಾಣುವುದಿಲ್ಲ, ಅದರ ಹಾರ್ನ್ ಮಾತ್ರ ಕೇಳುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಕಡೆ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಏಕೆ ಹಾಕಲಾಗದು ಎಂದರೆ, ವೈಪರ್ ಎಂದರೆ ಆ ಕಡ್ಡಿ ಮಾತ್ರ ಅಲ್ಲ. ಬಾಗಿಲೊಳಗೆ ಮೋಟಾರು, ಅದನ್ನು ಕೂರಿಸುವ ಜಾಗ, ಗಾಜಿನಲ್ಲಿ ಅಥವಾ ತಗಡಿನಲ್ಲಿ ತೂತು, ಮುಂದಿನಿಂದ ಹಿಂದಿನವರೆಗೆ ನೀರಿನ ಕೊಳವೆ, ಸ್ಟೀರಿಂಗ್ ಪಕ್ಕದ ಸ್ವಿಚ್ ಎಲ್ಲವೂ ಬೇಕು. ಡಿಫಾಗರ್ ಕಥೆಯೂ ಹಾಗೆಯೇ: ಹಿಂಗಾಜಿನ ಮೇಲೆ ಅಡ್ಡಡ್ಡ ಕಾಣುವ ಕಂದು ಗೆರೆಗಳು ಗಾಜಿನ ಜೊತೆಯಲ್ಲಿಯೇ ಬಂದವು, ಅವು ಬೇಕೆಂದರೆ ಗಾಜನ್ನೇ ಬದಲಿಸಬೇಕು. ಅಂಟಿಸುವ ಪಟ್ಟಿಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ನಾನು ಅವನ್ನು ಮುಟ್ಟುವುದಿಲ್ಲ. ಮುಂದಿನ ಗಾಜಿಗೆ ಮಂಜು ಕಟ್ಟುವುದಕ್ಕೆ ಮಾತ್ರ ಯಾವ ಮೇಲಿನ ವೇರಿಯಂಟೂ ಬೇಡ. ಮಳೆಗಾಲದಲ್ಲಿಯೂ ಎಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಿದರೆ ಸಾಕು. ಎಸಿ ಒಳಗಿನ ತೇವವನ್ನು ಹೀರುತ್ತದೆ. ತಾನೇ ಉಷ್ಣಾಂಶ ನೋಡಿಕೊಳ್ಳುವ ದುಬಾರಿ ಎಸಿಯೂ ಮಾಡುವುದು ಅದನ್ನೇ.

ಎರಡನೆಯ ಗುರುತು ಹಿಲ್ ಹೋಲ್ಡ್ ಮತ್ತು ಅದರ ಬೆನ್ನಿಗಿರುವ ಇಎಸ್‌ಸಿ. ಏರಿನಲ್ಲಿ ನಿಂತ ಕಾರು, ಬ್ರೇಕಿನಿಂದ ಆಕ್ಸಿಲರೇಟರಿಗೆ ಕಾಲು ಹೋಗುವಷ್ಟರಲ್ಲಿ ಹಿಂದೆ ಸರಿಯದಂತೆ ಎರಡು ಮೂರು ಸೆಕೆಂಡು ಹಿಡಿದಿಡುವುದು ಹಿಲ್ ಹೋಲ್ಡ್. ಹುಲಿಕಲ್ ಘಾಟಿಯಲ್ಲಿ ಲಾರಿಯ ಹಿಂದೆ ಸಿಕ್ಕಿಬಿದ್ದು ನಿಂತು ಹೊರಡುವಾಗ, ತೋಟದ ಮನೆಗೆ ಇಳಿಯುವ ಧರೆಯ ದಾರಿಯನ್ನು ಹಾವಸೆ ಕಟ್ಟಿದ ಕಾಲದಲ್ಲಿ ಹತ್ತುವಾಗ ಇದರ ಬೆಲೆ ತಿಳಿಯುತ್ತದೆ. ಇಎಸ್‌ಸಿ ಇನ್ನೂ ಮುಖ್ಯ: ತಿರುವಿನಲ್ಲಿ ಕಾರು ಜಾರತೊಡಗಿದರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ ದಾರಿಗೆ ತರುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಒದ್ದೆ ಎಲೆ ಬಿದ್ದಿರುವಾಗ ಇಳಿದವರು ಇದಕ್ಕೆ ಹಣ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಬ್ರೇಕಿನ ಮಿದುಳಿಗೆ ಸೇರಿದ ಈ ಎರಡನ್ನೂ ಯಾವ ಅಂಗಡಿಯವನೂ ಆಮೇಲೆ ಹಾಕಿಕೊಡಲಾರ. ಹಾಕುತ್ತೇನೆ ಎಂದವನ ಅಂಗಡಿಯಿಂದ ಕಾರು ಹೊರಗೆ ತನ್ನಿ.

ಪಕ್ಕದ ಏರ್‌ಬ್ಯಾಗ್‌ಗಳು, ಹಿಂದಿನ ಮಧ್ಯದ ಸೀಟಿನ ಮೂರು ಕೊಂಡಿಯ ಬೆಲ್ಟು, ಹಿಂದಿನ ತಲೆದಿಂಬುಗಳು, ಚಾಲಕನ ಸೀಟನ್ನು ಎತ್ತರಿಸುವ ಹಿಡಿ, ಹಿಂದಿನವರಿಗೆ ಎಸಿ ಗಾಳಿ ಬರುವ ಕಿಂಡಿ ಇವಕ್ಕೂ ಕೆಂಪು ಗುರುತು ಬೀಳಬೇಕು. ಸೀಟಿನ ಹಿಡಿಯನ್ನು ಗಂಡಸರು ಸಾಮಾನ್ಯವಾಗಿ ಮರೆಯುತ್ತಾರೆ. ಮನೆಯಲ್ಲಿ ಓಡಿಸುವವರು ಎತ್ತರ ಕಡಿಮೆ ಇದ್ದರೆ ಅವರನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ. ಕೆಳಗೆ ದಿಂಬು ಹಾಕಿಕೊಂಡು ಘಾಟಿ ಇಳಿಯುವ ಟೀಚರ್ ಒಬ್ಬರು ನನ್ನ ಗಿರಾಕಿ. ಕಾರು ಆರಿಸಿದ್ದು ಬೆಂಗಳೂರಿನಲ್ಲಿರುವ ಮಗ, ಅದೂ ಪರದೆಯ ಇಂಚು ಅಳೆದು.

ಪರದೆ, ಸ್ಪೀಕರು, ಹಿಂದಿನ ಕ್ಯಾಮೆರಾ, ಫಾಗ್ ಲ್ಯಾಂಪು, ಸೀಟ್ ಕವರ್, ಕೈಯಿಡುವ ಪೆಟ್ಟಿಗೆ, ಮಡ್ ಫ್ಲ್ಯಾಪ್, ಅಲಾಯ್ ಚಕ್ರ ಇವೆಲ್ಲ ಹೊರಗೆ ಸಿಗುತ್ತವೆ. ಇವಕ್ಕಾಗಿ ಮೇಲಿನ ವೇರಿಯಂಟ್‌ಗೆ ಹೋಗಬೇಡಿ. ಆದರೆ ಹಾಕಿಸುವಾಗ ಒಂದು ಷರತ್ತು ಇಡಿ: ತಂತಿ ಕತ್ತರಿಸಬಾರದು. ತಂತಿಯ ತುದಿಯಲ್ಲಿ ಒಂದಕ್ಕೊಂದು ಕೂರುವ ಪ್ಲಗ್ಗಿಗೆ ಕಪ್ಲರ್ ಎನ್ನುತ್ತೇವೆ. ನಿಮ್ಮ ಕಾರಿಗೆಂದೇ ಬರುವ ಕಪ್ಲರ್‌ನಿಂದ ಕಪ್ಲರ್‌ಗೆ ಕೂರಬೇಕು. ಕಂಪನಿಯ ತಂತಿ ಕತ್ತರಿಸಿ ಟೇಪು ಸುತ್ತಿದರೆ ವಿದ್ಯುತ್ ಭಾಗಗಳ ವಾರಂಟಿಗೆ ತಕರಾರು ಬರುತ್ತದೆ, ಜೊತೆಗೆ ನಮ್ಮ ಮಳೆಯ ತೇವಕ್ಕೆ ಆ ಜಾಯಿಂಟು ಹಸಿರುಗಟ್ಟುತ್ತದೆ. ಅಡಿಕೆ ಗೋಟು ತುಂಬಿದ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವವರ ಹೆಚ್ಚುವರಿ ತಂತಿಯನ್ನು ಮೊದಲು ಪರೀಕ್ಷಿಸುವವು ಇಲಿಗಳು ಎಂಬುದನ್ನೂ ಮರೆಯಬೇಡಿ. ಫಾಗ್ ಲ್ಯಾಂಪಿಗೆ ರಿಲೇ, ಅಂದರೆ ಹೆಚ್ಚಿನ ಕರೆಂಟನ್ನು ಸ್ವಿಚ್ಚಿನ ಬದಲು ತಾನು ಹೊರುವ ಪೆಟ್ಟಿಗೆ, ಬೇಕೇ ಬೇಕು. ಹೆಡ್‌ಲೈಟಿಗೆ 60/55 ವ್ಯಾಟ್ ಬಲ್ಬು ಬಿಟ್ಟು 100 ವ್ಯಾಟಿನದನ್ನು ಕೇಳಿ ಬರುವವರನ್ನು ನಾನು ವಾಪಸ್ಸು ಕಳಿಸುತ್ತೇನೆ. ಹೋಲ್ಡರ್ ಕರಗಿದ ಮೇಲೆ ಅವರು ಬಯ್ಯುವುದು ನನ್ನನ್ನು.

ಇಲ್ಲದ್ದಕ್ಕೆ ಕೊರಗುವವರಿಗೆ, ಇರುವುದರಿಂದಲೂ ತೊಂದರೆ ಇದೆ ಎಂದು ತೋರಿಸಿದರೆ ಸ್ವಲ್ಪ ಸಮಾಧಾನವಾಗುತ್ತದೆ. ಮೇಲಿನ ವೇರಿಯಂಟ್‌ನ ದೊಡ್ಡ ಅಲಾಯ್ ಚಕ್ರಕ್ಕೆ ಟಯರಿನ ಪಕ್ಕೆ ಗಿಡ್ಡವಾಗಿರುತ್ತದೆ. ಜಂಬಿಟ್ಟಿಗೆಯ ಚೂರು, ಕಿತ್ತ ಜಲ್ಲಿ ಇರುವ ತೋಟದ ರಸ್ತೆಯಲ್ಲಿ ಪಕ್ಕೆ ದಪ್ಪಗಿರುವ ಸಣ್ಣ ಚಕ್ರವೇ ವಾಸಿ. ಹಿಂದೆ ಬಾಗಿ ಸ್ಟೆಪ್ನಿಯನ್ನೂ ನೋಡಿ: ಅಲಾಯ್ ಕೊಟ್ಟ ಕಡೆ ಸ್ಟೆಪ್ನಿ ಚಿಕ್ಕ ಅಳತೆಯ ಕಬ್ಬಿಣದ್ದಾಗಿರಬಹುದು, ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇಲ್ಲದೆ ಪಂಕ್ಚರ್ ಕಿಟ್ ಮಾತ್ರ ಇರುತ್ತದೆ. ನಿಟ್ಟೂರು, ನಗರದ ಕಡೆ ರಾತ್ರಿ ಹೋಗುವವರು ಯೋಚಿಸಬೇಕಾದ ಸಂಗತಿ ಇದು. ಎಲ್‌ಇಡಿ ಹೆಡ್‌ಲೈಟು ಚೆನ್ನಾಗಿಯೇ ಇರುತ್ತದೆ, ಆದರೆ ಕೆಟ್ಟರೆ ಬಹಳ ಸಲ ಇಡೀ ಲೈಟನ್ನೇ ಬದಲಿಸಬೇಕು. ಹ್ಯಾಲೋಜನ್ ಬಲ್ಬು ರಿಪ್ಪನ್‌ಪೇಟೆಯಲ್ಲಿಯೂ ಸಿಗುತ್ತದೆ.

ಸನ್‌ರೂಫ್ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ ಎನ್ನಬೇಕೆನಿಸುತ್ತದೆ, ಆದರೂ ಹೇಳುತ್ತೇನೆ. ಅದರ ಚೌಕಟ್ಟಿನಲ್ಲಿ ಸುತ್ತಲೂ ಗಟಾರದಂತಹ ಕಾಲುವೆ, ಮೂಲೆಗಳಿಂದ ಕಂಬಗಳೊಳಗೆ ಇಳಿಯುವ ತೆಳು ಕೊಳವೆಗಳು ಇರುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆಯ ಪುಡಿ, ಹೂವಿನ ಎಸಳು ಸೇರಿ ಕೊಳವೆ ಕಟ್ಟಿದರೆ ನೀರು ಒಳಗಿನ ಚಾವಣಿ ಬಟ್ಟೆಗೆ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಸ್ವಚ್ಛ ಮಾಡಿಸುವ ಶಿಸ್ತು ಇದ್ದವರು ಧಾರಾಳವಾಗಿ ಕೊಳ್ಳಲಿ.

ತಯಾರಕರ ಜಾಣತನ ಇರುವುದು ಇಲ್ಲಿಯೇ. ನಿಮಗೆ ಬೇಕಾದ ವೈಪರನ್ನೂ ಬೇಡದ ಸನ್‌ರೂಫನ್ನೂ ಒಂದೇ ವೇರಿಯಂಟ್‌ಗೆ ಕಟ್ಟಿರುತ್ತಾರೆ. ಆಗ ಎರಡು ವೇರಿಯಂಟ್‌ಗಳ ಆನ್ ರೋಡ್ ಬೆಲೆಯ, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆಯ, ಅಂತರ ತೆಗೆಯಿರಿ. ಹೊರಗೆ ಹಾಕಿಸಬಹುದಾದವುಗಳ ಖರ್ಚನ್ನು ಅದರಿಂದ ಕಳೆಯಿರಿ. ಉಳಿದದ್ದು ಕೆಂಪು ಗುರುತಿನ ವಸ್ತುಗಳಿಗೆ ನೀವು ಕೊಡುವ ನಿಜವಾದ ಬೆಲೆ. ಶೋರೂಮ್ ಬೆಲೆಯ ಅಂತರ ಹಿಡಿದು ಲೆಕ್ಕ ಮಾಡಬೇಡಿ, ಏಕೆಂದರೆ ನಮ್ಮ ರಾಜ್ಯದಲ್ಲಿ ಕಾರಿನ ಬೆಲೆ 10 ಲಕ್ಷ ದಾಟಿದರೆ ಜೀವಾವಧಿ ತೆರಿಗೆ ಶೇ 14ರಿಂದ ಶೇ 17ಕ್ಕೆ ಏರುತ್ತದೆ. 9.90 ಲಕ್ಷದ ಕಾರಿಗೆ ತೆರಿಗೆ 1,38,600 ರೂಪಾಯಿ. 10.10 ಲಕ್ಷದ ಕಾರಿಗೆ 1,71,700. ಇಪ್ಪತ್ತು ಸಾವಿರದ ಸೌಕರ್ಯಕ್ಕೆ ಮೂವತ್ತಮೂರು ಸಾವಿರದ ಹೆಚ್ಚುವರಿ ತೆರಿಗೆ, ಮೇಲೆ ಸೆಸ್ ಬೇರೆ. ಹತ್ತು ಲಕ್ಷ ದಾಟಿದ ಕಾರಿಗೆ ಶೇ 1ರಷ್ಟು ಟಿಸಿಎಸ್, ಅಂದರೆ ಮಾರುವವರೇ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಹಾಗಾಗಿ ಚೀಟಿ ಎಸೆಯಬೇಡಿ.

ಬುಕಿಂಗ್ ಮಾಡುವಾಗ ಮೋಸ ಹೋಗುವುದು ಕಣ್ಣಿನಿಂದ. ಶೋರೂಮಿನಲ್ಲಿ ದೀಪದಡಿ ನಿಂತದ್ದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೇಲಿನ ವೇರಿಯಂಟ್, ಟೆಸ್ಟ್ ಡ್ರೈವಿಗೆ ಕೊಡುವುದೂ ಅದನ್ನೇ. ನೀವು ಕೊಳ್ಳಲಿರುವ ವೇರಿಯಂಟ್‌ನ ಕಾರನ್ನು ಗೋದಾಮಿನಲ್ಲಾದರೂ ತೋರಿಸಿ ಎಂದು ಪಟ್ಟು ಹಿಡಿಯಿರಿ. ಒಳಗೆ ಕೂತು, ಡ್ಯಾಶ್‌ಬೋರ್ಡಿನಲ್ಲಿ ಗುಂಡಿ ಇರಬೇಕಾದ ಜಾಗದಲ್ಲಿ ಮುಚ್ಚಿರುವ ಪ್ಲಾಸ್ಟಿಕ್ ಬಿರಡೆಗಳನ್ನು ಎಣಿಸಿ. ಒಂದೊಂದು ಬಿರಡೆಯೂ ಮೇಲಿನ ವೇರಿಯಂಟ್‌ನ ಒಂದೊಂದು ಸೌಕರ್ಯ. ಅದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಅಲ್ಲಿಯೇ ಮನಸ್ಸು ಒಪ್ಪಿದರೆ ಐದು ವರ್ಷ ಆ ಬಿರಡೆ ನಿಮ್ಮನ್ನು ಅಣಕಿಸುವುದಿಲ್ಲ. ಬುಕಿಂಗ್ ಚೀಟಿಯಲ್ಲಿಯೂ ಕೊಟೇಶನ್ನಿನಲ್ಲಿಯೂ ವೇರಿಯಂಟ್‌ನ ಪೂರ್ತಿ ಹೆಸರು, ಆವರಣದ ಅಕ್ಷರದ ಸಮೇತ, ಬರೆಸಿ. ಬ್ರೋಷರಿನ ಮೂಲೆಯಲ್ಲಿ ಮುದ್ರಣದ ತಿಂಗಳಿದ್ದರೆ ನೋಡಿ, ವರ್ಷದ ನಡುವೆ ಸದ್ದಿಲ್ಲದೆ ಒಂದೆರಡು ಸಾಲು ತೆಗೆದುಹಾಕುವುದು ಉಂಟು.

ಈಗಾಗಲೇ ಕೊಂಡಾಗಿದೆ ಎನ್ನುವವರು ನೇರವಾಗಿ ನನ್ನಂಥವರ ಬಳಿ ಬರಬೇಡಿ. ಮೊದಲು ಕಂಪನಿಯ ಬಿಡಿಭಾಗದ ಕೌಂಟರಿಗೆ ಹೋಗಿ, ಚಾಸಿ ನಂಬರ್ ಕೊಟ್ಟು, ನಿಮ್ಮ ಕಾರಿನಲ್ಲಿ ಆ ಸೌಕರ್ಯಕ್ಕೆ ತಂತಿ ಎಳೆದಿದೆಯೇ ಎಂದು ಕೇಳಿ. ಕೆಲವು ಕಾರುಗಳಲ್ಲಿ ಎಲ್ಲ ವೇರಿಯಂಟ್‌ಗೂ ಒಂದೇ ತಂತಿಗಂಟು ಹಾಕಿರುತ್ತಾರೆ. ಅಂಥದ್ದರಲ್ಲಿ ಸ್ಟೀರಿಂಗ್ ಮೇಲಿನ ಆಡಿಯೊ ಗುಂಡಿಗಳು, ಫಾಗ್ ಲ್ಯಾಂಪು ಮೊದಲಾದವು ಕಂಪನಿಯ ಭಾಗಗಳಿಂದಲೇ ಸಲೀಸಾಗಿ ಕೂರುತ್ತವೆ. ಹಾಕಿಸಿದ್ದಕ್ಕೆಲ್ಲ ಜಿಎಸ್‌ಟಿ ಬಿಲ್ ಪಡೆದು ವಿಮಾ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿ. ಹೇಳದೆ ಹಾಕಿಸಿದ ಪರದೆ ಅಪಘಾತದಲ್ಲಿ ಒಡೆದರೆ ಅದರ ಹಣ ಬರುವುದಿಲ್ಲ.