ಲೇಸರ್ ಕಟ್ ಗೇರ್: ಪೂರ್ತಿ ಶೀಟ್ ಕತ್ತರಿಸುವ ಮೊದಲು

ಮಂಗಳೂರಿನ ಮಳೆಗಾಲದಲ್ಲಿ ಪ್ರಾಜೆಕ್ಟ್ ಮಾಡುವುದಾದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ತೇವ ಹೀರಿ ಉಬ್ಬುತ್ತದೆ. 3 ಮಿ.ಮೀ. ಅಕ್ರಿಲಿಕ್ ತಗೊಳ್ಳಿ. ಪಿವಿಸಿಯನ್ನು ಮಾತ್ರ ಲೇಸರ್‌ಗೆ ಇಡಲೇಬೇಡಿ, ವಿಷದ ಹೊಗೆ ಬರುತ್ತದೆ.

ಜೋಡಿ ಗೇರ್‌ಗಳ ಮಾಡ್ಯೂಲ್, ಅಂದರೆ ಹಲ್ಲಿನ ಗಾತ್ರ ಹೇಳುವ ಅಳತೆ (ಮಿ.ಮೀ.ನಲ್ಲಿ), ಒಂದೇ ಇರಬೇಕು. ಮಾಡ್ಯೂಲ್ 2, ಹಲ್ಲು 18 ಮತ್ತು 36 ಅಂತಿಟ್ಟುಕೊಳ್ಳಿ: ಹಲ್ಲುಗಳನ್ನು ಕೂಡಿಸಿ, ಮಾಡ್ಯೂಲ್‌ನಿಂದ ಗುಣಿಸಿ, ಅರ್ಧ ಮಾಡಿದರೆ 54 ಮಿ.ಮೀ., ಅದೇ ಶಾಫ್ಟ್‌ಗಳ ನಡುವಿನ ಅಂತರ. ಗೇರ್‌ನ ಚಿತ್ರ ಬಿಡಿಸಲು ಇಂಕ್‌ಸ್ಕೇಪ್ ಸಾಫ್ಟ್‌ವೇರ್ ಸಾಕು, ಉಚಿತ.

ಲೇಸರ್ ಗೆರೆಗೂ ಒಂದು ದಪ್ಪ ಇದೆ ಅಲ್ವಾ? ಅದಕ್ಕೇ ಶೀಟಿನ ಮೂಲೆಯಲ್ಲಿ 20 ಮಿ.ಮೀ. ಚೌಕ ಕತ್ತರಿಸಿ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಎಷ್ಟು ಕಡಿಮೆ ಬಂತೋ ಅದರ ಅರ್ಧದಷ್ಟು ಹಲ್ಲಿನ ಗೆರೆಯನ್ನು ಹೊರಗೆ, ಶಾಫ್ಟ್ ತೂತಿನ ಗೆರೆಯನ್ನು ಒಳಗೆ ಸರಿಸಿ. ಆಮೇಲೆ ಒಂದು ಚೂರು ಶೀಟಿನಲ್ಲಿ 54, 54.2, 54.4 ಅಂತರಕ್ಕೆ ತೂತು ಹಾಕಿ, ಒಂದು ಜೋಡಿ ಗೇರ್ ಕೂರಿಸಿ ಕೈಯಲ್ಲೇ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದ ಅಂತರವನ್ನೇ ಇಟ್ಟುಕೊಳ್ಳಿ.