ಮೊದಲು ಕಿಟಕಿ, ಆಮೇಲೆ ಸ್ಯಾನಿಟೈಸರ್: ಸಾಂಕ್ರಾಮಿಕದ ಕಾಲದಲ್ಲಿ ಶಾಲೆ ನಡೆಸುವ ಬಗೆ

2021ರ ಅಕ್ಟೋಬರ್ 4ರಂದು ಮುಂಬಯಿಯಲ್ಲಿ ಎಂಟರಿಂದ ಹನ್ನೆರಡರವರೆಗಿನ ತರಗತಿಗಳು ಮತ್ತೆ ಆರಂಭವಾದಾಗ, ನಾನು ಪಾಠ ಮಾಡುವ ಕನ್ನಡ ಶಾಲೆಯ ಗೇಟಿನಲ್ಲಿ ಕಾಲಿನಿಂದ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡು, ಹಣೆಗೆ ಹಿಡಿಯುವ ಥರ್ಮಾಮೀಟರು, ನೆಲದ ಮೇಲೆ ಬಳಿದ ಹಳದಿ ವೃತ್ತಗಳು ಎಲ್ಲವೂ ಸಿದ್ಧವಾಗಿದ್ದವು. ತರಗತಿಯ ನಾಲ್ಕು ಕಿಟಕಿಗಳಲ್ಲಿ ಮಾತ್ರ ಒಂದರ ಮುಂದೆ ಕಬ್ಬಿಣದ ಕಪಾಟು ನಿಂತಿತ್ತು, ಎರಡು ಹಿಂದೆಂದೋ ಬಳಿದ ಎಣ್ಣೆ ಬಣ್ಣಕ್ಕೆ ಅಂಟಿಕೊಂಡು ಅಲುಗಾಡದಂತಾಗಿದ್ದವು, ಉಳಿದ ಒಂದನ್ನು ಬಿಸಿಲು ಬೀಳುತ್ತದೆಂದು ಮಕ್ಕಳೇ ಮುಚ್ಚಿಬಿಡುತ್ತಿದ್ದರು. ಪಾಲಕರ ಕಣ್ಣಿಗೆ ಬೀಳುವ ಕಡೆಗೆಲ್ಲ ಹಣ ಖರ್ಚು ಮಾಡಿ, ಮಕ್ಕಳು ಐದು ಗಂಟೆ ಉಸಿರಾಡುವ ಗಾಳಿಯನ್ನು ನಾವು ಮರೆತಿದ್ದೆವು. ಮುಂದಿನ ಸಲ ಬರಬಹುದಾದ ರೋಗ ಯಾವುದೇ ಇರಲಿ, ಅದು ಉಸಿರಿನ ಮೂಲಕ ಹರಡುವಂಥದ್ದಾಗಿದ್ದರೆ, ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಆ ಅನುಭವದಿಂದ ಇಲ್ಲಿ ಬರೆಯುತ್ತಿದ್ದೇನೆ.

ಗಾಳಿಯ ಲೆಕ್ಕ

ಕೋವಿಡ್‌ನಂತಹ ಸೋಂಕು ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳಿಂದ ಮಾತ್ರವಲ್ಲ, ಮಾತನಾಡುವಾಗ ಮತ್ತು ಉಸಿರಾಡುವಾಗ ಹೊರಬರುವ ಅತಿ ಸಣ್ಣ ಕಣಗಳಿಂದಲೂ ಹರಡುತ್ತದೆ. ಈ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುವುದರಿಂದ, ಮೂರನೆಯ ಬೆಂಚಿನ ಹುಡುಗ ಬಿಟ್ಟ ಉಸಿರು ಕೊನೆಯ ಬೆಂಚಿಗೆ ತಲುಪಲು ಅವನು ಎದ್ದು ಹೋಗಬೇಕೆಂದೇನೂ ಇಲ್ಲ. ಮುಂಬಯಿಗೆ ಈ ಪಾಠ ಹೊಸದಲ್ಲ. 1896ರಲ್ಲಿ ಇಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಗಿ ಇಕ್ಕಟ್ಟಾದ ಬಸ್ತಿಗಳ ನಡುವೆ ಗಾಳಿ ಬೆಳಕು ಬರಲೆಂದು ಅಗಲವಾದ ರಸ್ತೆಗಳನ್ನು ತೆರೆಯಿತು. ಪ್ಲೇಗು ಹರಡುವುದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ, ಆದ್ದರಿಂದ ಆ ರಸ್ತೆಗಳು ಆ ರೋಗಕ್ಕೆ ಸರಿಯಾದ ಮದ್ದಾಗಿರಲಿಲ್ಲ. ಆದರೆ ಉಸಿರಿನಿಂದ ಹರಡುವ ರೋಗಕ್ಕೆ ತೆರೆದ ಗಾಳಿಯೇ ಮೊದಲ ಮದ್ದು.

ನಿಮ್ಮ ತರಗತಿಯಲ್ಲಿ ಗಾಳಿ ಆಡುತ್ತದೆಯೇ ಎಂದು ತಿಳಿಯಲು ಒಂದು ಊದುಬತ್ತಿ ಸಾಕು. ಮಕ್ಕಳು ಬರುವುದಕ್ಕೆ ಮುಂಚೆ, ಫ್ಯಾನು ನಿಲ್ಲಿಸಿ, ಅದನ್ನು ಹಚ್ಚಿ ಮಕ್ಕಳ ಮೂಗಿನ ಎತ್ತರದಲ್ಲಿ ಹಿಡಿದು ಕೋಣೆಯ ನಾಲ್ಕೂ ಮೂಲೆಗಳಿಗೆ ನಡೆಯಿರಿ. ಹೊಗೆ ಒಂದು ಕಡೆಗೆ ವಾಲಿ ಕಿಟಕಿಯ ಹಾದಿ ಹಿಡಿದರೆ ಅಲ್ಲಿ ಗಾಳಿ ಹರಿಯುತ್ತಿದೆ ಎಂದರ್ಥ. ಹೊಗೆ ನೆಟ್ಟಗೆ ಮೇಲೇರಿ ಅಲ್ಲೇ ಸುಳಿಯುತ್ತಿದ್ದರೆ ಆ ಮೂಲೆ ಸತ್ತ ಮೂಲೆ. ನಮ್ಮಲ್ಲಿ ಕಪಾಟಿನ ಪಕ್ಕದ ಮೂಲೆಯಲ್ಲಿ ಹೊಗೆ ಜಡೆಯಂತೆ ಸುತ್ತಿಕೊಂಡು ನಿಂತಿತ್ತು. ಕಪಾಟನ್ನು ಎದುರು ಗೋಡೆಗೆ ಸರಿಸಿ, ಅಂಟಿಕೊಂಡ ಕಿಟಕಿಗಳ ಅಂಚಿನ ಬಣ್ಣವನ್ನು ಬಡಗಿಯೊಬ್ಬರು ಹಳೆಯ ಉಳಿಯಿಂದ ಕೆರೆದು ತೆಗೆದ ಮೇಲೆ ಅದೇ ಮೂಲೆಯಲ್ಲಿ ಹೊಗೆ ಬಾಗಿಲಿನತ್ತ ಓಡಿತು. ಆ ದಿನದ ಖರ್ಚು ಗೇಟಿನ ಸ್ಟ್ಯಾಂಡಿನ ಖರ್ಚಿಗಿಂತ ಕಡಿಮೆ.

ಎದುರುಬದುರಾಗಿ ಎರಡು ತೆರಪುಗಳಿದ್ದರೆ ಗಾಳಿ ಸರಾಗವಾಗಿ ಹಾಯುತ್ತದೆ, ಒಂದೇ ಗೋಡೆಯಲ್ಲಿ ಎಷ್ಟು ಕಿಟಕಿಗಳಿದ್ದರೂ ಅಷ್ಟು ಪ್ರಯೋಜನವಿಲ್ಲ. ಆದ್ದರಿಂದ ಬಾಗಿಲನ್ನು ತೆರೆದಿಟ್ಟು ಅದರ ಮೇಲಿನ ವೆಂಟಿಲೇಟರನ್ನೂ ಬಿಚ್ಚಿಸಬೇಕು. ಛಾವಣಿಯ ಫ್ಯಾನು ಒಳಗಿನ ಗಾಳಿಯನ್ನೇ ಕಡೆಯುತ್ತದೆ, ಹೊಸ ಗಾಳಿಯನ್ನು ತರುವುದಿಲ್ಲ. ಕಂಪ್ಯೂಟರ್ ಕೋಣೆಯಲ್ಲಿರುವ ಸ್ಪ್ಲಿಟ್ ಎಸಿಯದೂ ಅದೇ ಕಥೆ: ಒಳಗಿನ ಗಾಳಿಯನ್ನೇ ಹೀರಿ, ತಂಪು ಮಾಡಿ, ಮತ್ತೆ ಒಳಕ್ಕೇ ಬಿಡುತ್ತದೆ.

ಎದುರು ಕಿಟಕಿ ಇಲ್ಲದ ಕೋಣೆಗೆ ಎಕ್ಸಾಸ್ಟ್ ಫ್ಯಾನು ಬೇಕು. ಅದರ ಗಾತ್ರವನ್ನು ಅಂದಾಜಿನಿಂದಲ್ಲ, ಲೆಕ್ಕದಿಂದ ನಿರ್ಧರಿಸಬೇಕು. ಏಳು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ತರಗತಿಯಲ್ಲಿ 126 ಘನ ಮೀಟರ್ ಗಾಳಿ ಇರುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2023ರಲ್ಲಿ ಸೂಚಿಸಿದಂತೆ ಗಂಟೆಗೆ ಕನಿಷ್ಠ ಐದು ಸಲ ಗಾಳಿ ಬದಲಾಗಬೇಕೆಂದರೆ ಗಂಟೆಗೆ 630 ಘನ ಮೀಟರ್ ಗಾಳಿ ಹೊರಹೋಗಬೇಕಾಗುತ್ತದೆ. ಫ್ಯಾನಿನ ಡಬ್ಬಿಯ ಮೇಲೆ ಅದು ಎಷ್ಟು ಗಾಳಿ ತಳ್ಳುತ್ತದೆಂದು ಮುದ್ರಿಸಿರುತ್ತಾರೆ, ಆದರೆ ಜಾಲರಿಯಲ್ಲಿ ಧೂಳು ಕಟ್ಟಿದ ಮೇಲೆ ಅಷ್ಟು ತಳ್ಳಲಾರದು, ಆದ್ದರಿಂದ ಸ್ವಲ್ಪ ದೊಡ್ಡದನ್ನೇ ಆರಿಸಿಕೊಳ್ಳಿ. ಎಲೆಕ್ಟ್ರಿಷಿಯನ್ ಸಾಮಾನ್ಯವಾಗಿ ತನಗೆ ಅನುಕೂಲವಾದ ಕಡೆ, ಅಂದರೆ ತೆರೆದ ಕಿಟಕಿಯ ಪಕ್ಕದಲ್ಲೇ, ಅದನ್ನು ಕೂರಿಸಲು ಹೊರಡುತ್ತಾನೆ. ಹಾಗೆ ಕೂರಿಸಿದರೆ ಫ್ಯಾನು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಮಕ್ಕಳು ಕೂತಿರುವ ಕಡೆ ಏನೂ ಬದಲಾಗುವುದಿಲ್ಲ. ಗಾಳಿ ಒಳಬರುವ ಜಾಗಕ್ಕೂ ಫ್ಯಾನಿಗೂ ನಡುವೆ ಇಡೀ ತರಗತಿ ಇರಬೇಕು.

ಕೈಲಾದವರು, ನಾವು ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲಿ ಎಷ್ಟು ಸೇರಿಕೊಂಡಿದೆ ಎಂದು ತೋರಿಸುವ ಮಾಪಕವೊಂದನ್ನು ಕೊಂಡು ಕೋಣೆಯಿಂದ ಕೋಣೆಗೆ ಸಾಗಿಸಬಹುದು. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 400ಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ, ತುಂಬಿದ ತರಗತಿಯಲ್ಲಿ ಅದು 800ರ ಒಳಗೆ ಇದ್ದರೆ ಗಾಳಿ ಚೆನ್ನಾಗಿ ಆಡುತ್ತಿದೆ ಎಂದು ತಿಳಿಯಬಹುದು. ಅಂಕಿ ಏರುತ್ತಾ ಹೋದರೆ ಪಾಠ ನಿಲ್ಲಿಸಿ ಐದು ನಿಮಿಷ ಎಲ್ಲರನ್ನೂ ಮೊಗಸಾಲೆಗೆ ಕಳುಹಿಸುವುದು ಸುಲಭದ ಉಪಾಯ. ಏಳನೆಯ ತರಗತಿಯ ಮಕ್ಕಳಿಗೆ ಮಾಪಕವನ್ನು ಓದುವ ಕೆಲಸ ಒಪ್ಪಿಸಿದರೆ ಅವರು ಶಿಕ್ಷಕರಿಗಿಂತ ಶಿಸ್ತಿನಿಂದ ಮಾಡುತ್ತಾರೆ.

ಮುಂಬಯಿಯ ನಿಜವಾದ ತೊಡಕು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಇರಚಲು ಹೊಡೆದು ಪುಸ್ತಕ ನೆನೆಯುವುದರಿಂದ ಕಿಟಕಿ ಮುಚ್ಚಲೇಬೇಕಾಗುತ್ತದೆ. ಜೂನ್‌ಗೆ ಮೊದಲೇ ಕಿಟಕಿಯ ಹೊರಗೆ ತಗಡಿನ ಅಥವಾ ದಪ್ಪ ಪ್ಲಾಸ್ಟಿಕ್ಕಿನ ಇಳಿಜಾರು ಚಪ್ಪರ ಕಟ್ಟಿಸಿ, ಕಿಟಕಿಯ ಸಾಲಿನ ಬೆಂಚುಗಳನ್ನು ಒಂದು ಮೊಳ ಒಳಕ್ಕೆ ಸರಿಸಿದರೆ ಅರ್ಧ ಕಿಟಕಿಯನ್ನಾದರೂ ತೆರೆದಿಡಬಹುದು. ದೀಪಾವಳಿಯ ಆಚೀಚೆ ತೊಡಕು ತಿರುಗಿ ನಿಲ್ಲುತ್ತದೆ: ಹೊರಗಿನ ಗಾಳಿಯೇ ಹೊಗೆ ಧೂಳಿನಿಂದ ಕೆಟ್ಟಿರುತ್ತದೆ. ಆಗ ಹೆಪಾ ಫಿಲ್ಟರ್ (ಅತಿ ಸಣ್ಣ ಕಣಗಳನ್ನೂ ಹಿಡಿಯುವ ಸೋಸುಕ) ಇರುವ ಶುದ್ಧೀಕರಣ ಯಂತ್ರ ಎರಡು ಕೆಲಸ ಮಾಡುತ್ತದೆ: ಹೊಗೆ ಧೂಳನ್ನೂ ಉಸಿರಿನ ಕಣಗಳನ್ನೂ ಸೋಸುತ್ತದೆ. 2020ರಲ್ಲಿ ಅಮೆರಿಕದ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂತಾಲ್ ರೂಪಿಸಿದ, ನಾಲ್ಕು ಫಿಲ್ಟರುಗಳನ್ನು ಟೇಪಿನಿಂದ ಪೆಟ್ಟಿಗೆಯಂತೆ ಜೋಡಿಸಿ ಮೇಲೊಂದು ಚೌಕ ಫ್ಯಾನು ಕೂರಿಸುವ ವಿಧಾನವೂ ಇದೆ. ಯಂತ್ರವನ್ನು ಗೋಡೆಗೆ ಒತ್ತಿ ಇಡಬೇಡಿ, ಹೊಗೆ ನಿಂತ ಮೂಲೆಯ ಬಳಿ ಇಡಿ. ಇಂಗಾಲದ ಮಾಪಕದ ಅಂಕಿ ಇದರಿಂದ ಇಳಿಯುವುದಿಲ್ಲ. ಫಿಲ್ಟರು ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲವನ್ನಲ್ಲ.

ಮುಖಗವಸು, ಸೋಪು, ಬ್ಲೀಚು

ಮುಖಗವಸನ್ನು ಎಲ್ಲರಿಗಿಂತ ಚೆನ್ನಾಗಿ ಧರಿಸಬೇಕಾದವರು ಶಿಕ್ಷಕರು, ಏಕೆಂದರೆ ಗಟ್ಟಿಯಾಗಿ ಮಾತನಾಡಿದಷ್ಟೂ ಬಾಯಿಂದ ಕಣಗಳು ಹೆಚ್ಚು ಹೊರಬರುತ್ತವೆ, ಮತ್ತು ತರಗತಿಯಲ್ಲಿ ಗಟ್ಟಿಯಾಗಿ ಮಾತನಾಡುವವರು ನಾವೇ. ಎನ್95 ಧರಿಸಿ ಮೂಗಿನ ಪಟ್ಟಿಯನ್ನು ಎರಡೂ ಬೆರಳಿನಿಂದ ಒತ್ತಿ ಕೂರಿಸಿ. ಕನ್ನಡಕದ ಮೇಲೆ ಹಬೆ ಕಟ್ಟುತ್ತಿದ್ದರೆ ಗಾಳಿ ಮೇಲಿನಿಂದ ಸೋರುತ್ತಿದೆ ಎಂದೇ ತಿಳಿಯಬೇಕು. ಕುತ್ತಿಗೆಗೆ ಹಾಕುವ ಸಣ್ಣ ಮೈಕು ಇದ್ದರೆ ಗಂಟಲೂ ಉಳಿಯುತ್ತದೆ, ಕೂಗುವುದೂ ತಪ್ಪುತ್ತದೆ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮುಖಗವಸು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ತುಟಿ ನೋಡಿ ಅರ್ಥಮಾಡಿಕೊಳ್ಳುವ ಮಗುವಿದ್ದರೆ ಆ ತರಗತಿಯನ್ನು ಅಂಗಳಕ್ಕೆ ಒಯ್ಯುವುದೇ ಮೇಲು. ಮಳೆಯಲ್ಲಿ ನೆನೆದ ಗವಸಿನೊಳಗೆ ಉಸಿರಾಡುವುದು ಕಷ್ಟವಾದ್ದರಿಂದ ಪ್ರತಿ ತರಗತಿಯಲ್ಲೂ ಒಂದು ಡಬ್ಬಿ ಒಣ ಗವಸುಗಳು ಇರಲಿ.

ಕೈ ತೊಳೆಯಲು ಸೋಪೇ ಉತ್ತಮ. ಸೋಪು ಕಳೆದುಹೋಗುತ್ತದೆಂಬ ದೂರಿಗೆ ನಮ್ಮ ಶಾಲೆಯ ಆಯಾ ಕಂಡುಕೊಂಡ ಪರಿಹಾರ ಈರುಳ್ಳಿಯ ಬಲೆ ಚೀಲ: ಅದರೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟಿದರೆ ಬಲೆಯ ಮೇಲೆ ಕೈ ಉಜ್ಜಿದಾಗ ನೊರೆಯೂ ಬರುತ್ತದೆ, ಸೋಪೂ ಎಲ್ಲಿಗೂ ಹೋಗುವುದಿಲ್ಲ. ಪಾಲಿಕೆಯ ನೀರು ಗೊತ್ತಾದ ಹೊತ್ತಿಗೆ ಮಾತ್ರ ಬರುವ ಕಟ್ಟಡಗಳಲ್ಲಿ ನಲ್ಲಿ ಇರುವ ಡ್ರಮ್ಮೊಂದನ್ನು ತುಂಬಿಟ್ಟುಕೊಳ್ಳಬೇಕು. ಸ್ಯಾನಿಟೈಸರ್ ನೀರಿಲ್ಲದ ಕಡೆಗೆ ಮಾತ್ರ. ಅದರಲ್ಲಿ ಕನಿಷ್ಠ ಶೇ. 60ರಷ್ಟು ಆಲ್ಕೋಹಾಲ್ ಇರಬೇಕು, ಬೆಂಕಿಯಿಂದ ದೂರವಿರಬೇಕು, ಪುಟ್ಟ ಮಕ್ಕಳ ಕೈಗೆ ಸಿಗಬಾರದು.

ನೆಲ ಮತ್ತು ಶೌಚಾಲಯಕ್ಕೆ ಶೇ. 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಾಕು, ಬಾಟಲಿಯಲ್ಲಿ ಶೇ. 5 ಎಂದಿದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಬೇಕು. ಶೌಚಾಲಯ ತೊಳೆಯುವ ಆಸಿಡ್ಡನ್ನು ಇದರೊಂದಿಗೆ ಯಾವ ಕಾರಣಕ್ಕೂ ಬೆರೆಸಕೂಡದು, ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮಕ್ಕಳ ಮೈಮೇಲೆ ಔಷಧ ಸಿಂಪಡಿಸುವ ‘ಸುರಂಗ’ವನ್ನು ಯಾರಾದರೂ ದಾನ ಮಾಡಲು ಬಂದರೆ ನಯವಾಗಿ ಹಿಂದಿರುಗಿಸಿ: ಮನುಷ್ಯರ ಮೇಲೆ ಹೀಗೆ ಸಿಂಪಡಿಸಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ತಿಳಿಸಿತ್ತು. ಹಣೆಗೆ ಹಿಡಿಯುವ ಥರ್ಮಾಮೀಟರಿನ ಬಗ್ಗೆಯೂ ನನಗೆ ಹೆಚ್ಚಿನ ಭರವಸೆಯಿಲ್ಲ. ಬಿಸಿಲಿನಲ್ಲಿ ನಡೆದು ಬಂದ ಮಗುವಿಗೆ ಅದು ಜ್ವರ ತೋರಿಸುತ್ತದೆ, ಕೋವಿಡ್ ತಗಲಿದವರಾದರೋ ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲರು.

ಕಾಯಿಲೆಯ ಮಗು ಮನೆಯಲ್ಲಿರುವಂತೆ ಮಾಡುವುದು

ಗಾಳಿಯ ನಂತರ ನಾನು ಹೆಚ್ಚು ಮಹತ್ವ ಕೊಡುವುದು ಇದಕ್ಕೆ. ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಮೊದಲು ನಿಲ್ಲಿಸಬೇಕು, ಅದು ಜ್ವರದ ಮಗುವನ್ನು ಶಾಲೆಗೆ ಕರೆಯುವ ಆಮಂತ್ರಣ. ನಮ್ಮ ಮಕ್ಕಳ ಪಾಲಕರಲ್ಲಿ ಅನೇಕರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು, ದಿನದ ಕೂಲಿ ಬಿಟ್ಟು ಮಗುವಿನ ಬಳಿ ಕೂರುವುದು ಅವರಿಗೆ ಸುಲಭವಲ್ಲ. ಆದ್ದರಿಂದ ‘ಜ್ವರವಿದ್ದರೆ ಕಳುಹಿಸಬೇಡಿ’ ಎಂದು ಸುತ್ತೋಲೆ ಹೊರಡಿಸಿದರೆ ಸಾಲದು. ಪಾಠ ತಪ್ಪುವುದಿಲ್ಲ, ಹಾಜರಿಯ ಲೆಕ್ಕ ಕೇಳುವುದಿಲ್ಲ, ಊಟದ ಅಕ್ಕಿ ಬೇಳೆಯ ಪಾಲು ಮನೆಗೆ ತಲುಪುತ್ತದೆ ಎಂಬ ಮೂರು ಮಾತುಗಳನ್ನು ಕೊಟ್ಟು ನಡೆಸಿಕೊಡಬೇಕು. ಓದು ಬರದ ಪಾಲಕರಿಗಾಗಿ ಸುತ್ತೋಲೆಯನ್ನು ಅವರ ಊರಿನ ಕನ್ನಡದಲ್ಲೇ ವಾಟ್ಸ್‌ಆ್ಯಪ್ ಧ್ವನಿ ಸಂದೇಶವಾಗಿ ಕಳುಹಿಸಿದಾಗ ಉತ್ತರಗಳು ಬಂದವು. ಮೊಬೈಲ್ ನಂಬರು ಆಗಾಗ ಬದಲಾಗುವುದರಿಂದ ಪ್ರತಿ ಮಗುವಿಗೂ ನೆರೆಮನೆಯವರದೂ ಸೇರಿ ಎರಡು ನಂಬರು ಬರೆದಿಟ್ಟುಕೊಳ್ಳಬೇಕು.

ಶಾಲೆಯಲ್ಲೇ ಜ್ವರ ಕಾಣಿಸಿಕೊಂಡರೆ, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮಗುವನ್ನು ಶಿಕ್ಷಕರ ಕೋಣೆಯಲ್ಲಿ ಕೂರಿಸದೆ ಮೊಗಸಾಲೆಯ ತೆರೆದ ತುದಿಯಲ್ಲಿ, ಒಬ್ಬ ದೊಡ್ಡವರ ಜೊತೆಯಲ್ಲಿ ಕೂರಿಸಿ. ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆ ಹಾಜರಿ ಪುಸ್ತಕದಲ್ಲಿದ್ದರೆ ಯಾರಿಗೆ ತಿಳಿಸಬೇಕೆಂಬ ಗೊಂದಲವಿರುವುದಿಲ್ಲ. ದಮ್ಮಿನ ಮಗುವಿನ ಕೆಮ್ಮನ್ನು ಇಡೀ ತರಗತಿ ತಿರುಗಿ ನೋಡದಂತೆ ಕಾಯುವುದು ಶಿಕ್ಷಕರ ಹೊಣೆ.

ಊಟದ ಹೊತ್ತಿನಲ್ಲಿ ಗವಸು ತೆಗೆದು, ಎದುರುಬದುರು ಕೂತು, ಮಾತನಾಡುತ್ತಾ ತಿನ್ನುವುದರಿಂದ ಅಪಾಯ ಹೆಚ್ಚು. ಖಿಚಡಿಯನ್ನು ಎರಡು ಪಂಕ್ತಿಗಳಲ್ಲಿ, ಅಂಗಳದಲ್ಲಿ ಅಥವಾ ಮೊಗಸಾಲೆಯಲ್ಲಿ, ಎಲ್ಲರೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುವಂತೆ ಬಡಿಸಬೇಕು. ಪ್ರಾರ್ಥನೆಯೂ ಹಾಡೂ ಹೊರಗೇ ನಡೆಯಲಿ.

ಈ ಏರ್ಪಾಡುಗಳನ್ನು ಒಂದೇ ವೈರಸ್ಸಿಗೆ ಕಟ್ಟಿಹಾಕಬಾರದು. 2009ರ ಆಗಸ್ಟ್‌ನಲ್ಲಿ ಎಚ್1ಎನ್1ನಿಂದ ದೇಶದಲ್ಲಿ ಮೊದಲು ತೀರಿಕೊಂಡವಳು ಪುಣೆಯ ಹದಿನಾಲ್ಕು ವರ್ಷದ ಶಾಲಾ ಬಾಲಕಿ, ಕೋವಿಡ್ ಹೆಚ್ಚಾಗಿ ಬಲಿ ತೆಗೆದುಕೊಂಡದ್ದು ಹಿರಿಯರನ್ನು. ರೋಗ ಯಾರನ್ನು ಹೆಚ್ಚು ಬಾಧಿಸುತ್ತದೆ ಎಂದು ತಿಳಿದ ಮೇಲೆ ಯಾವ ತರಗತಿಯನ್ನು ಮೊದಲು ತೆರೆಯಬೇಕು, ಯಾವ ಶಿಕ್ಷಕರನ್ನು ಹೊರಗಿನ ಕೆಲಸಕ್ಕೆ ಹಾಕಬೇಕು ಎಂಬುದನ್ನು ಬದಲಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಮುಚ್ಚಿದ್ದ ಕಟ್ಟಡವನ್ನು ತೆರೆಯುವಾಗ ನೀರಿನ ಟ್ಯಾಂಕನ್ನು ಖಾಲಿ ಮಾಡಿ ತೊಳೆದು, ತಾರಸಿಯ ಮೇಲೆ ನಿಂತ ನೀರನ್ನು ಚೆಲ್ಲಿಸಬೇಕು, ಇಲ್ಲದಿದ್ದರೆ ಡೆಂಗಿ ಶಾಲೆಗಿಂತ ಮೊದಲೇ ಒಳಗೆ ಬಂದು ಕೂತಿರುತ್ತದೆ.

ರಾತ್ರಿ ಶಾಲೆ

ಮುಂಬಯಿ ಕನ್ನಡಿಗರ ರಾತ್ರಿ ಶಾಲೆಗಳಿಗೆ ಒಂದು ಮಾತು ಬೇರೆಯೇ ಬೇಕು. ಇಲ್ಲಿ ಓದುವವರು ಹಗಲೆಲ್ಲ ಹೊಟೇಲಿನಲ್ಲಿ ದುಡಿದು, ಅನೇಕ ವೇಳೆ ಹತ್ತು ಜನರೊಂದಿಗೆ ಒಂದೇ ಖೋಲಿಯಲ್ಲಿ ಮಲಗುವವರು. ಅವರಿಗೆ ‘ಪ್ರತ್ಯೇಕವಾಗಿರಿ’ ಎಂದು ಹೇಳುವುದಕ್ಕೆ ಅರ್ಥವಿಲ್ಲ, ಹೊಟೇಲಿನ ಮಾಲಕರೊಂದಿಗೆ ಮೊದಲೇ ಮಾತನಾಡಿ ಕಾಯಿಲೆಯಾದವನಿಗೆ ಮಲಗಲು ಜಾಗ, ಸಂಬಳದ ರಜೆ ಎರಡನ್ನೂ ಒಪ್ಪಿಸಬೇಕು. ಲಸಿಕೆ ಶಿಬಿರವನ್ನು ಅವರ ಬಿಡುವಿನ ಹೊತ್ತಾದ ಮಧ್ಯಾಹ್ನ ಮೂರರಿಂದ ಐದರ ನಡುವೆ ಏರ್ಪಡಿಸಿದರೆ ಬರುತ್ತಾರೆ. ಇನ್ನು ಕಟ್ಟಡದ ವಿಷಯ. ಹಗಲು ಶಾಲೆ ಬಿಟ್ಟ ಮೇಲೆ ಸಿಪಾಯಿ ಎಲ್ಲ ಕಿಟಕಿಗಳನ್ನೂ ಮುಚ್ಚಿ ಚಿಲಕ ಹಾಕಿ ಹೋಗುವುದು ರೂಢಿ, ರಾತ್ರಿಯವರು ಬಂದು ದೀಪ ಹಾಕಿ ಅದೇ ಗಾಳಿಯಲ್ಲಿ ಕೂರುತ್ತಾರೆ. ಹಗಲಿನ ಕೊನೆಯ ಗಂಟೆಗೂ ರಾತ್ರಿಯ ಮೊದಲ ಗಂಟೆಗೂ ನಡುವೆ ಕನಿಷ್ಠ ಅರ್ಧ ಗಂಟೆ ಕಿಟಕಿಗಳು ತೆರೆದಿರಬೇಕೆಂದು ಎರಡೂ ಮುಖ್ಯೋಪಾಧ್ಯಾಯರು ಬರೆದು ಸಹಿ ಹಾಕಿ, ಒಂದು ಪ್ರತಿಯನ್ನು ಸಿಪಾಯಿಯ ಕೈಗೂ ಕೊಡಬೇಕು. ನಮ್ಮಲ್ಲಿ ಆ ಕಾಗದ ಕೀಲಿಗೊಂಚಲು ತೂಗುಹಾಕುವ ಮೊಳೆಗೇ ಸಿಕ್ಕಿಸಲ್ಪಟ್ಟಿದೆ.